ಪಂಪ್ ಬಂದೂಕು ಬಿಟ್ಟು ಬಂದದ್ದು

ಗದ್ದೆಗೆ ಕಾಡುಹಂದಿಯ ಕಾಟವೆಂದು ಲೈಸೆನ್ಸ್ ಸಿಕ್ಕಿದ ಮೇಲೆ, ಹೆಂಡತಿಯನ್ನೂ ಕರೆದುಕೊಂಡು ಕುಮಟೆಯಿಂದ ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋದೆ. ನಾನು ಬಹಳ ದಿನದಿಂದ ಆಸೆಪಟ್ಟದ್ದು ಪಂಪ್ ಬಂದೂಕಿಗೆ. ಪ್ರತಿ ಗುಂಡು ಹಾರಿಸುವ ಮೊದಲೂ ಅದರ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ನಾನು ಎಳೆದಾಗಲೆಲ್ಲ ಅದು ಅರ್ಧಕ್ಕೇ ನಿಲ್ಲುತ್ತಿತ್ತು.

"ನೀವೂ ನೋಡ್ರಿ ಅಕ್ಕಾರ" ಎಂದು ಅಂಗಡಿಯವರು ಖಾಲಿ ಬಂದೂಕನ್ನು ಅವಳಿಗೆ ಕೊಟ್ಟರು. ಅವಳು ಒಂದೇ ಸಲಕ್ಕೆ ಸರಾಗವಾಗಿ ಎಳೆದು ತಳ್ಳಿದಳು.

"ಕೈ ಅಂದ್ರ ಇದು ನೋಡ್ರಿ!" ಎಂದು ಅವರು ನನ್ನತ್ತ ತಿರುಗಿದರು.

ನನ್ನ ಹೊಟ್ಟೆ ಉರಿಯಿತು. ಹಟಕ್ಕೆ ಬಿದ್ದು, ಹಿಡಿ ಎಳೆಯುವ ಗೋಜೇ ಇಲ್ಲದ ಜೋಡುನಳಿಗೆಯ ಬಂದೂಕನ್ನೇ ಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, "ಆ ಪಂಪೇ ಚಲೋ ಇತ್ತಲ್ರಾ, ಎಂತಕ್ಕೆ ಬಿಟ್ರಿ?" ಎಂದು ಕೇಳಿದಳು.

"ಭಾರ ಆಗ್ತದೆ" ಎಂದೆ.

"ನಂಗೇನೂ ಭಾರ ಆಗ್ಲಿಲ್ಲ" ಎಂದಳು.