ಕುಂಕುಮ ಹಚ್ಚಿದ ಕೇಬಲ್

ಆಯುಧಪೂಜೆಯ ರಜೆ ಮುಗಿದು ಮಾಗಡಿಯ ನಮ್ಮ ಸೇವಾ ಕೇಂದ್ರದ ಬಾಗಿಲು ತೆಗೆದಾಗ ನನ್ನ ಕೌಂಟರಿನ ಮುಂದೆ ಒಬ್ಬ ತಾಯಿ, ಮಗಳು ಆಗಲೇ ನಿಂತಿದ್ದರು. ಹುಡುಗಿಗೆ ರಾಮನಗರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಜಾತಿ ಸರ್ಟಿಫಿಕೇಟು ಮಂಜೂರಾಗಿತ್ತು, ನಾನು ಪ್ರಿಂಟ್ ತೆಗೆದುಕೊಡಬೇಕಿತ್ತು ಅಷ್ಟೇ. ಮಧ್ಯಾಹ್ನದೊಳಗೆ ಅದನ್ನು ಕಾಲೇಜಿಗೆ ಮುಟ್ಟಿಸದಿದ್ದರೆ ಸೀಟು ಬೇರೆಯವರ ಪಾಲು.

"ಒಸಿ ಬೇಗ ಕೊಟ್ಬುಡವ್ವ, ಹತ್ತೂವರೆ ಬಸ್ಸು ತಪ್ಪೋದ್ರೆ ಕೆಟ್ವಿ," ಎಂದರು ತಾಯಿ.

"ಐದೇ ನಿಮಿಷ," ಎಂದುಬಿಟ್ಟೆ.

ಪೂಜೆಗೆಂದು ಕಂಪ್ಯೂಟರುಗಳನ್ನೆಲ್ಲ ಬಿಚ್ಚಿ ಒರೆಸಿ, ಕೇಬಲ್ಲುಗಳಿಗೂ ಕುಂಕುಮ ಹಚ್ಚಿದ್ದೆವು. ಈಗ ನೋಡಿದರೆ ನನ್ನ ಡೆಸ್ಕ್‌ಟಾಪಿನ ಹಿಂದೆ ನೆಟ್‌ವರ್ಕ್ ಕೇಬಲ್ಲೇ ಇಲ್ಲ. ಹುಡುಕುತ್ತ ಕೂರಲು ಹೊತ್ತೆಲ್ಲಿ? ಡ್ರಾಯರಿನಿಂದ ಹೊಸದೊಂದನ್ನು ತೆಗೆದು ಒಂದು ತುದಿಯನ್ನು ಕಂಪ್ಯೂಟರಿಗೆ, ಇನ್ನೊಂದನ್ನು ಎಲ್ಲರ ಕೇಬಲ್ಲುಗಳೂ ಬಂದು ಸೇರುವ ಗೋಡೆಯ ಸ್ವಿಚ್ ಡಬ್ಬಿಗೆ ಸಿಕ್ಕಿಸಿದೆ. ನೆಟ್ ಬರಲಿಲ್ಲ.

"ಏನ್ ಮಾಡಿದ್ರಿ ಮೇಡಂ? ನಮ್ದೂ ಬತ್ತಿಲ್ಲ!" ಪಕ್ಕದ ಟೇಬಲ್ಲಿನವರು ಕೂಗಿದರು.

ನನ್ನ ಕೇಬಲ್ ಕಿತ್ತೆ, ಆಗಲೂ ಇಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಡಬ್ಬಿಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಟುಕುತ್ತಿದ್ದವು. "ಆಯ್ತೇನವ್ವ?" ಎಂದು ತಾಯಿ ಮತ್ತೆ ಮತ್ತೆ ಕೇಳುತ್ತಿದ್ದರು. ಹುಡುಗಿ ಮಾತ್ರ ತುಟಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದಳು. ನನಗೆ ಅವರಿಬ್ಬರ ಮುಖ ನೋಡಲೂ ಭಯವಾಯಿತು.

ಅಲ್ಲ, ನನ್ನ ಹಳೆಯ ಕೇಬಲ್ ಎಲ್ಲಿ ಹೋಯಿತು? ಡಬ್ಬಿಯ ಹತ್ತಿರ ಹೋಗಿ ನೋಡಿದರೆ ಅದರ ಒಂದು ತುದಿ ಎಂದಿನ ಜಾಗದಲ್ಲೇ ಇತ್ತು. ಕೈಯಲ್ಲಿ ಸವರುತ್ತ ಹೋದೆ. ಅದು ಮೇಜಿನ ಕೆಳಗೆ ಇಳಿದು, ತಿರುಗಿ ಗೋಡೆ ಹತ್ತಿತ್ತು; ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿ ಕೂತಿತ್ತು!

"ಇದನ್ನ ಇಲ್ಲಿ ಹಾಕಿದ್ಯಾರು?" ಎಂದು ಕಿರುಚಿದೆ.

"ನಾನೇ ಕಣಮ್ಮ," ಎಂದರು ನಮ್ಮ ಹಿರಿಯ ಗುಮಾಸ್ತರು. "ಪೂಜೆ ಮಾಡಿದ್ದು ನೆಲದ್ ಮೇಲ್ ಬಿದ್ದಿತ್ತು. ಯಾರಾರ ತುಳಿದ್ಬುಟ್ಟಾರು ಅಂತ ಖಾಲಿ ತೂತಿಗೆ ಸಿಕ್ಕಿಸ್ದೆ."

ಅಯ್ಯೋ ದೇವರೇ! ಎರಡು ತುದಿಯೂ ಒಂದೇ ಡಬ್ಬಿಗೆ ಸೇರಿದರೆ ಕಳಿಸಿದ್ದೆಲ್ಲ ಅಲ್ಲಲ್ಲೇ ಸುತ್ತಿ ಇಡೀ ಆಫೀಸಿನ ನೆಟ್ ಕಟ್ಟಿಕೊಳ್ಳುತ್ತದೆ. ಅದನ್ನು ಕಿತ್ತು ಹೊಸ ಕೇಬಲ್ಲನ್ನು ಮತ್ತೆ ಸಿಕ್ಕಿಸಿದೆ. ನೆಟ್ ಬಂತು, ಪ್ರಿಂಟೂ ಬಂತು. ಇಬ್ಬರೂ ಹಾಳೆ ಕಸಿದುಕೊಂಡು ಓಡಿದರು.

ಸ್ವಲ್ಪ ಹೊತ್ತಿಗೆ ತಾಯಿಯೊಬ್ಬರೇ ಏದುಸಿರು ಬಿಡುತ್ತ ವಾಪಸು ಬಂದರು.

"ಬಸ್ಸು ಹೊರಟ್ಬುಟ್ಟಿತ್ತು. ಅವಳು ಓಡೋಗಿ ಹತ್ಕೊಂಡ್ಲು, ನನ್ ಕೈಲಾಗ್ನಿಲ್ಲ. ಒಬ್ಳೇ ಎಲ್ಗೂ ಹೋದೋಳಲ್ಲ ಕಣವ್ವ. ಫೋನೂ ನನ್ನತ್ರನೇ ಐತೆ."

ಬೆಂಚಿನ ಮೇಲೆ ಕೂತರು. ಇನ್ನೊಂದು ಬಸ್ಸಿಗೆ ಹೋಗೋಣವೆಂದರೆ, ಮಗಳು ಫೋನ್ ಮಾಡಿದಾಗ ಬಸ್ಸಿನ ಸದ್ದಿನಲ್ಲಿ ಕೇಳಿಸದಿದ್ದರೆ ಎಂಬ ಹೆದರಿಕೆ. ಊಟದ ಹೊತ್ತಾದರೂ ಅವರು ಏಳಲಿಲ್ಲ, ನನಗೂ ಅನ್ನ ಸೇರಲಿಲ್ಲ.

ಕೊನೆಗೆ ಯಾವುದೋ ನಂಬರಿನಿಂದ ಫೋನ್ ಬಂತು. ತೆಗೆಯಲು ಧೈರ್ಯ ಸಾಲದೆ ತಾಯಿ ಅದನ್ನು ನನ್ನ ಕೈಗೆ ತುರುಕಿದರು.

"ಅವ್ವಾ, ಸೇರಿಸ್ಕೊಂಡ್ರು ಕಣವ್ವ!"

ಫೋನನ್ನು ಅವರ ಕಿವಿಗೆ ಹಿಡಿದೆ. ಕೇಳಿಸಿಕೊಂಡರು. ಸೀಟಿನ ಮಾತೇ ಎತ್ತಲಿಲ್ಲ.

"ಒಬ್ಳೇ ಹೋಗ್ಬುಟ್ಯಲ್ಲ, ಮಗ," ಎಂದು ಜೋರಾಗಿ ಅತ್ತುಬಿಟ್ಟರು.