ಕೆಟ್ಟಿದ್ದು ಕೋಡ್ ಅಲ್ಲ, ಪದ್ಮಣ್ಣ

ಪದ್ಮಣ್ಣ, ಆ ಚೌತಿಯಲ್ಲಿ ನಮ್ಮ ಆ್ಯಪ್ ಕೆಟ್ಟಿರಲೇ ಇಲ್ಲ. ಕೆಟ್ಟಿದೆ ಎಂದು ನಿಮಗೆ ಸುಳ್ಳು ಹೇಳಿದವಳು ನಾನು — ಧಂದೆಯಲ್ಲಿ ನಿಮ್ಮ ಜೋಡಿಗಿದ್ದ ಗಂಗಾ.

ಬೆಳಗಾವಿಯ ವಡಗಾವಿ ನೇಕಾರರ ಸೀರೆಗಳನ್ನು ನೇರವಾಗಿ ಮಾರಲೆಂದು ಇಬ್ಬರೂ ಸೇರಿ ಅದನ್ನು ಕಟ್ಟಿದ್ದೆವು; ಕೋಡ್ ಬರೆಯುವವಳು ನಾನೇ. ಗಿರಾಕಿಗಳನ್ನು ಸೆಳೆಯಲು ಚೌತಿಗೆ ನಮ್ಮದೇ ಕ್ರಿಪ್ಟೊ ಟೋಕನ್ ಪುಕ್ಕಟೆ ಹಂಚುವುದೆಂದು ಠರಾವಾಗಿತ್ತು. ಸೀರೆಗೆ ಆ ಟೋಕನ್ನನ್ನೂ ದುಡ್ಡಿನಂತೆ ತೆಗೆದುಕೊಳ್ಳಲು ನೇಕಾರರು ಒಪ್ಪಿದ್ದರು, ನಮ್ಮ ಮುಖ ನೋಡಿ. ಅದರ ಬೆಲೆ ಬಿದ್ದರೆ ಮುಳುಗುವವರು ಅವರೇ.

ನೀವೋ, ಆ್ಯಪ್ ಹಾಕಿಕೊಂಡವರಿಗೆಲ್ಲ ಕೊಡೋಣ ಎಂದಿರಿ. ನೆಹರು ನಗರದ ಕಾಲೇಜು ಹಾಸ್ಟೆಲುಗಳಿಗೆ ಹೋಗಿ ಮಾತು ಕೊಟ್ಟೂ ಬಂದಿರಿ. ಒಬ್ಬೊಬ್ಬರೂ ನಾಲ್ಕಾರು ಸಿಮ್ ಹಾಕಿ ಟೋಕನ್ ಬಾಚಿ ಮರುದಿನವೇ ಮಾರಿಬಿಟ್ಟರೆ? ಸೀರೆ ಉಡುವವರಿಗಷ್ಟೇ ಕೊಡೋಣ ಎಂದು ಬಡಕೊಂಡೆ.

"ದಸರಾಕ್ಕ ಬನ್ನಿ ಹಂಚಿದಂಗ ಹಂಚೂಣು ಅಂತಿ ಏನವಾ?" ಎಂದು ನಕ್ಕಿರಿ.

"ಹೌದ್ರಿ ಅಣ್ಣಾ. ಬನ್ನಿ ಯಾರರ ರಸ್ತಾದಾಗ ತೂರತಾರೇನ್ರಿ? ಗುರ್ತಿದ್ದವರ ಕೈಯಾಗ ಕೊಡ್ತಾರ."

ನೀವು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಸೀರೆ ಕೊಂಡವರಿಗಷ್ಟೇ ಟೋಕನ್, ಅವರು ತಮ್ಮ ಗುರುತಿನ ಒಬ್ಬರಿಗೆ ದಾಟಿಸಬಹುದು, ಆಕೆ ಸೀರೆ ಕೊಂಡಾಗಲೇ ಅದು ಚಾಲೂ — ಹೀಗೆ ನಿಮಗೆ ತಿಳಿಯದಂತೆ ಕೋಡ್‌ನಲ್ಲಿ ನಿಯಮ ಬದಲಿಸಿ, ನಿಮಗೆ ಫೋನು ಹಚ್ಚಿ, "ಕೋಡ್ ಕೆಟ್ಟೈತ್ರಿ, ಸೀರಿ ಕೊಂಡವರಿಗಷ್ಟ ಟೋಕನ್ ಹೊಂಟಾವು, ಈಗ ತಿದ್ದಾಕ ಆಗೂದಿಲ್ಲ" ಎಂದುಬಿಟ್ಟೆ.

ಮತ್ತು ಗೆದ್ದೆವು. ಏನು ಗೆಲುವು ಅದು! ಖಾನಾಪುರದ ವೈನಿ ಬೆಳಗಾವಿಯ ನಾದಿನಿಗೆ, ನಾದಿನಿ ಬಾಜೂ ಮನೆಯಾಕೆಗೆ, ಒಬ್ಬಾಕೆ ಕನ್ನಡದಲ್ಲಿ ಹೊಗಳಿದರೆ ಇನ್ನೊಬ್ಬಾಕೆ ಮರಾಠಿಯಲ್ಲಿ... ಬೆಲೆ ಬೀಳಲಿಲ್ಲ. ನಿಂತ ಮಗ್ಗಗಳು ಮತ್ತೆ ಶುರುವಾದವು. ವಡಗಾವಿಯ ಓಣಿಯಲ್ಲಿ ನೇಕಾರರು ನನ್ನ ಬಾಯಿಗೆ ಕುಂದಾ ತುರುಕಿದರು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ.

ಆದರೆ ನೀವು — ನೀವು ಮತ್ತೆ ಆ ಹಾಸ್ಟೆಲುಗಳಿಗೆ ಹೋಗಿ, ಕೈಮುಗಿದು, "ತಪ್ಪು ನಂದು" ಎಂದಿರಿ. ಮಾತು ತಪ್ಪಿದವನು ಎನಿಸಿಕೊಂಡಿರಿ. ಅಲ್ಲೇ ಡಾಕ್ಟರಿಕೆ ಓದುತ್ತಿದ್ದ ನಿಮ್ಮ ತಂಗಿಯ ಮಗಳು ಸುನಂದಾ ಗೆಳತಿಯರೆದುರು ತಲೆ ತಗ್ಗಿಸಿದಳು. ಅಂದಿನಿಂದ ನಿಮ್ಮೊಡನೆ ಮಾತು ಬಿಟ್ಟಳು.

ದಸರೆಗೆ ನೀವೇ ನನ್ನ ಕೈಗೆ ಬನ್ನಿ ಕೊಟ್ಟು, "ದೇವರು ದೊಡ್ಡಾಂವ ಗಂಗಾ, ಕೋಡ್ ಕೆಟ್ಟಿದ್ದ ಛಲೋ ಆತು, ನಮ್ಮನ್ನ ಉಳಿಸ್ತು. ಬಂಗಾರದಂಗ ಇರೂಣು" ಎಂದಿರಿ. ಆಗಲೇ ಹೇಳಬೇಕಿತ್ತು... ಬನ್ನಿ ತೆಗೆದುಕೊಂಡೆ, ಅಷ್ಟೇ. ನೇಕಾರರನ್ನು ಉಳಿಸಿದವಳು ಎನ್ನಿಸಿಕೊಳ್ಳುವ ಖುಷಿ ಅಷ್ಟಿತ್ತು ನನಗೆ.

ನಿನ್ನೆ ಸುನಂದಾಗೆ ಎಲ್ಲ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ಒಂದೇ ಮಾತು ಕೇಳಿದಳು: "ಮಾಮಾಗ ಹೇಳೀರೇನ್ರಿ?"

ಅದಕ್ಕೇ ಈ ಪತ್ರ. ಬರುವ ದಸರೆಗೆ ಇಬ್ಬರೂ ಖಾನಾಪುರಕ್ಕೆ, ನಿಮ್ಮ ಮನೆಗೆ ಬರುತ್ತೇವೆ. ಅವಳ ಕೈಯ ಬನ್ನಿ ಮೊದಲು ತಗೊಳ್ಳಿ, ಅಣ್ಣಾ. ನಾನು ಹೊಸ್ತಿಲ ಹೊರಗೇ ನಿಂತಿರುತ್ತೇನೆ.