ಅತ್ತಿಯ ಮಗ್ಗದಲ್ಲಿ ಕೂತವಳು

ಹೋದ ವಾರ ತಂಗಿಯ ಮಗಳ ಮದುವೆಗೆಂದು ಬಾಗಲಕೋಟೆಯ ಅಂಗಡಿಯೊಂದರಲ್ಲಿ ಇಳಕಲ್ ಸೀರೆ ತೆಗೆದುಕೊಂಡೆ. ಡಬ್ಬಿಯ ಮುಚ್ಚಳದ ಮೇಲೆ ಒಂದು ಚಿತ್ರವಿತ್ತು. ಕೈಯಲ್ಲಿ ಲಾಳಿ ಹಿಡಿದು, ಮಗ್ಗದ ಮುಂದೆ ನಗುತ್ತ ಕೂತ ಹುಡುಗಿ... ಡಬ್ಬಿಯನ್ನು ಅಲ್ಲೇ ಬಿಟ್ಟು ಸೀರೆಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಬಂದೆ. ಆ ಮಗ್ಗ ಇಳಕಲ್ಲಿನ ನಮ್ಮ ಬಾಜೂ ಮನೆಯ ಅತ್ತಿಯದು. ಕೂತವಳು ಅತ್ತಿಯಲ್ಲ.

ಅತ್ತಿ ಅಂದರೆ ಅತ್ತೆ; ಆದರೆ ಅವಳು ನಮ್ಮ ಬಳಗದವಳೇನಲ್ಲ. ಓಣಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ಗಂಡ ಬೇಗ ಹೋಗಿಬಿಟ್ಟಿದ್ದ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ನೇಯ್ದು ನೇಯ್ದು ಮಗನನ್ನು ಬೆಳೆಸಿದಳು. ಅವಳ ತುಟಿಗೂ ಬೆರಳುಗಳಿಗೂ ತೊನ್ನು ಹತ್ತಿತ್ತು. ಓಣಿಯಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಕೈ ಬಡಿದ ರೊಟ್ಟಿ ತಿಂದೇ ನಾವು ದೊಡ್ಡವರಾಗಿದ್ದೆವು.

ನಾನು ಕಾಲೇಜಿನಲ್ಲಿದ್ದಾಗ ಸುದ್ದಿ ಬಂತು. ಹೊರದೇಶದ ರಾಜಮನೆತನದ ಸೊಸೆಯೊಬ್ಬರು ಬಾದಾಮಿಯ ಗುಹೆಗಳನ್ನು ನೋಡಿ, ಹಾಗೇ ಇಳಕಲ್ಲಿಗೂ ಬಂದು ಕೈಮಗ್ಗ ನೋಡುತ್ತಾರಂತೆ. ಅಧಿಕಾರಿಗಳು ಓಣಿ ಓಣಿ ಸುತ್ತಿ ಅತ್ತಿಯ ಮಗ್ಗವನ್ನೇ ಆರಿಸಿದರು. ಅಲ್ಲಿ ಬೆಳಕು ಚೆನ್ನಾಗಿತ್ತು. ಅತ್ತಿ ಗೋಡೆಗೆ ಸುಣ್ಣ ಬಳಿದಳು. "ರಾಣಿ ನಮ್ಮನಿ ಹೊಸ್ತಿಲಾ ದಾಟ್ತಾಳಂದ್ರ ಸಣ್ಣ ಮಾತೇನವ್ವಾ?" ಅನ್ನುತ್ತ ಓಣಿಯೆಲ್ಲ ತಿರುಗಿದಳು.

ಹಿಂದಿನ ದಿನ ಸಂಜೆ ದೊಡ್ಡ ಸಾಹೇಬರೊಬ್ಬರು ಬಂದರು. ಮಗ್ಗ ನೋಡಿದರು. ಆಮೇಲೆ ಅತ್ತಿಯ ಕೈ ನೋಡಿದರು.

"ಅವ್ವಾರ, ನಾಳೆ ಇಲ್ಲಿ ಬ್ಯಾರೆ ಹುಡುಗೀನ ಕೂಡಸ್ತೇವಿ. ನೀವು ಅಡಗಿ ಮನ್ಯಾಗ ಇರ್ರಿ. ಟೀವಿಯವ್ರೆಲ್ಲಾ ಬರ್ತಾರ, ತಪ್ಪ ತಿಳೀಬ್ಯಾಡ್ರಿ."

"ಮಗ್ಗ ನಂದೈತ್ರಿ," ಅಂದಳು ಅತ್ತಿ.

"ನಿಮ್ದ ಐತಿ. ಯಾರು ಇಲ್ಲಂದ್ರು?"

ಮರುದಿನ ಅತ್ತಿ ಮತ್ತು ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ಹೊರಗೆ ಬೂಟುಗಳ ಸದ್ದು, ಕ್ಯಾಮೆರಾಗಳ ಸದ್ದು. ಅತಿಥಿ ಏನೋ ಹೇಳಿದರು. ಜೊತೆಗಿದ್ದವರೊಬ್ಬರು ಅದನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು: "ಇಷ್ಟು ಚೆಂದದ ಸೀರೆ ನೇಯ್ದ ಈ ಕೈಗಳಿಗೆ ನನ್ನ ನಮಸ್ಕಾರ ಅಂತಿದ್ದಾರೆ." ಜೋರು ಚಪ್ಪಾಳೆ ಬಿತ್ತು. ಒಲೆಯ ಮೇಲಿನ ಚಹಾ ಉಕ್ಕಿ ಚೆಲ್ಲುತ್ತಿತ್ತು. ಅತ್ತಿ ಅದನ್ನು ನೋಡುತ್ತಲೇ ನಿಂತಿದ್ದಳು...

ಎಲ್ಲರೂ ಹೋದ ಮೇಲೆ ಬಂದು ಮಗ್ಗದಲ್ಲಿ ಕೂತು, ಆ ಹುಡುಗಿ ಹರಿದಿಟ್ಟ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿದಳು.

ಅಷ್ಟಕ್ಕೇ ಮುಗಿದಿದ್ದರೆ ಅತ್ತಿ ಮರೆಯುತ್ತಿದ್ದಳೇನೋ. ಕೆಲವು ವರ್ಷಗಳ ನಂತರ ಬಸ್ಸು ನಿಲ್ಲುವ ಸರ್ಕಲ್ಲಿನಲ್ಲಿ ನೇಕಾರ ಮಹಿಳೆಯ ಮೂರ್ತಿ ನಿಲ್ಲಿಸಿದರು. ಆ ದಿನದ ಫೋಟೋ ನೋಡಿಯೇ ಮಾಡಿಸಿದ್ದು. ಅದೇ ಹುಡುಗಿ, ಅದೇ ನಗು. ಅನಾವರಣಕ್ಕೆ ಹೂವಿನ ತಟ್ಟೆ ಹಿಡಿದು ನಿಲ್ಲಲು ನೇಕಾರರ ಹೆಣ್ಣುಮಕ್ಕಳನ್ನು ಕರೆದರು, ಅತ್ತಿಯನ್ನೂ ಕರೆದರು. ಪರದೆ ಸರಿದ ಮೇಲೆ ಅತ್ತಿ ಪಕ್ಕದಲ್ಲಿದ್ದ ಅಧಿಕಾರಿಯನ್ನು ಕೇಳಿದಳು, "ಇಕಿ ಯಾರ್ರಿ?"

"ನೇಕಾರ ಹೆಣ್ಮಗಳ್ರಿ, ನಮ್ಮ ಇಳಕಲ್ಲಿನಾಕಿ."

"ಹಂಗಾರ ನಾ ಯಾರ್ರಿ?"

ಅವನು ನಕ್ಕ. "ನೀವು ಸಾಲಿನ್ಯಾಗ ನಿಂದರ್ರಿ ಅವ್ವಾರ."

ಅತ್ತಿ ಹೂವಿನ ತಟ್ಟೆಯನ್ನು ನೆಲದ ಮೇಲಿಟ್ಟು ಮನೆಗೆ ನಡೆದಳು. ಆ ವಾರವೇ ಮಗ್ಗ ಬಿಚ್ಚಿಸಿದಳು. ಊರಾಚೆ ಗ್ರಾನೈಟ್ ಕೊಯ್ಯುವಲ್ಲಿ ಕೂಲಿಗೆ ಹೋಗತೊಡಗಿದಳು. ಈ ವಯಸ್ಸಿನಲ್ಲಿ ಯಾಕೆಂದು ನಾನು ಕೇಳಿದ್ದಕ್ಕೆ, "ಕಲ್ಲಿಗೆ ನನ್ನ ಕೈ ಕಾಣಂಗಿಲ್ಲವ್ವಾ," ಅಂದಳು. ಕಲ್ಲಿನ ಧೂಳು ಎದೆಗಿಳಿಯಿತು. ಕೆಮ್ಮು ಹತ್ತಿತು. ದವಾಖಾನೆಗೆ ಓಡಾಡಿದ್ದೇ ಬಂತು... ಒಂದು ಚಳಿಗಾಲ ದಾಟಲಿಲ್ಲ. ಮಗ ಮಗ್ಗದ ಕುಣಿಗೆ ಮಣ್ಣು ತುಂಬಿ ಫರಸಿಕಲ್ಲು ಹಾಕಿಸಿದ. ಈಗ ಅಲ್ಲಿ ಅವನ ಬೈಕು ನಿಲ್ಲುತ್ತದೆ. ಓಣಿಯ ಮದುವೆ-ಮುಂಜಿಯ ಫೋಟೋಗಳಲ್ಲೂ ಅತ್ತಿ ಸಿಗುವುದಿಲ್ಲ. ಯಾವಾಗಲೂ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ನಿನ್ನೆ ಹುನಗುಂದದ ಬಸ್ಸಿಗೆ ಕಾಯುತ್ತ ಸರ್ಕಲ್ಲಿನಲ್ಲಿ ನಿಂತಿದ್ದೆ. ಯಾರೋ ಪ್ರವಾಸಿಗಳು, ಗಂಡ ಹೆಂಡತಿ, ಮೂರ್ತಿಯ ಮುಂದೆ ಸೆಲ್ಫಿ ತೆಗೆದುಕೊಂಡರು. ಆಕೆ ನನ್ನ ಕಡೆ ತಿರುಗಿ, "ಇವರು ಯಾರು? ನಿಜವಾಗ್ಲೂ ಇದ್ದವರಾ?" ಎಂದು ಕೇಳಿದಳು.

ನಾನು ಅತ್ತಿಯ ಹೆಸರು ಹೇಳಿದೆ.

ಆಕೆ ಕತ್ತೆತ್ತಿ ಆ ಕಲ್ಲಿನ ಮುಖವನ್ನು ನೋಡಿದಳು. "ತುಂಬಾ ಚೆನ್ನಾಗಿದ್ರು ಅಲ್ವಾ?" ಅಂದಳು.

"ಹೌದ್ರಿ," ಅಂದೆ. "ಭಾಳ ಚೆಂದಿದ್ಲು."